ಕಿತ್ತಳೆ ಸಿಪ್ಪೆಗಾಗಿ ದವಾಖಾನೆ ಸುತ್ತಿದ ಕಾಕಾ

ಊರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ನಮ್ಮ ಕಾಕಾನ ಮುಖ ಅರಳುತ್ತಿತ್ತು! ಅಪ್ಪನ ಒಡಹುಟ್ಟಿದ ತಮ್ಮನ ಬಗ್ಗೆ ಯಾರಾದರೂ ಹೀಗೆ ಬರೆಯುತ್ತಾರೆಯೇ ಎಂದು ನೀವು ನನಗೆ ಬೈಯುತ್ತೀರಿ, ಗೊತ್ತು. ಆದರೆ ಇದ್ದದ್ದೇ ಹಾಗೆ, ಏನು ಮಾಡಲಿ? "ಪ್ಯಾಟಿ ಓಣಿ ಸಾವ್ಕಾರ್ರನ್ನ ದವಾಖಾನಿಗೆ ಸೇರ್ಸ್ಯಾರಂತ" ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಕೈಲಿದ್ದ ಸೈಕಲ್ ಬಿಚ್ಚುವ ಪಾನಾ ಕೆಳಗಿಟ್ಟು, ಅಂಗಿ ಜಾಡಿಸಿ, ಚೀಲ ಹಿಡಿದು ಹೊರಟೇ ಬಿಡುತ್ತಿದ್ದ. ಡಾಕ್ಟರು ನಾಡಿ ನೋಡುವುದಕ್ಕಿಂತ ಮೊದಲೇ ಕಾಕಾ ಮಂಚದ ಪಕ್ಕದಲ್ಲಿ ಹಾಜರು!

ಇದಕ್ಕೆಲ್ಲ ಕಾರಣ ಒಂದು ಚಾಕಲೇಟು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿಗ್ಗಾಂವಿಯಲ್ಲಿ ಹೆದ್ದಾರಿಗೆ ಹತ್ತಿಕೊಂಡೇ ಕಾಕಾನ ಸೈಕಲ್ ಅಂಗಡಿ. ಪುಣೆ ಕಡೆಯ ಕಾರೊಂದು ಅಂಗಡಿ ಮುಂದೆ ಕೆಟ್ಟು ನಿಂತಿತು. ಕಾರಿನ ರಿಪೇರಿ ಕಾಕಾನಿಗೆ ಗೊತ್ತಿರಲಿಲ್ಲ, ಆದರೂ ಹಿಂದಿನಿಂದ ನೂಕಿದ. ಅದು ಹೇಗೋ ಚಾಲೂ ಆಯಿತು. ಒಳಗಿದ್ದ ಹೆಣ್ಣುಮಗಳು ಖುಷಿಯಿಂದ ಕಾಗದದಲ್ಲಿ ಸುತ್ತಿದ ಎರಡು ಕರಿ ಚಾಕಲೇಟ್ ಉಂಡಿ ಕೊಟ್ಟಳು. ಒಂದನ್ನು ಕಾಕಾ ಅಲ್ಲೇ ಬಾಯಿಗೆ ಹಾಕಿಕೊಂಡ. ಇನ್ನೊಂದನ್ನು ಮನೆಗೆ ತಂದು, ಚಾಕುವಿನಿಂದ ಕಡಲೆಕಾಳಿನಷ್ಟು ಕತ್ತರಿಸಿ ನಮಗೆಲ್ಲ ಹಂಚಿದ. "ನಾಲಿಗಿ ಮ್ಯಾಲ ಇಡ್ರಿ, ಕಡೀಬ್ಯಾಡ್ರಿ! ಮೊದಲ ಕಹಿ, ಆಮ್ಯಾಲ ಸಿಹಿ, ಕಡೀಕ ಕಿತ್ತಳಿ ವಾಸನಿ. ಬಂತೇನು? ಬಂತೇನು?"

ನಮಗೆ ಏನೂ ಬರಲಿಲ್ಲ. ಬರುವಷ್ಟು ಸಿಕ್ಕಿದ್ದರೆ ತಾನೇ?

"ಇರ್ಲಿ, ನಾನ ಮಾಡ್ತೇನಿ" ಅಂದ ಕಾಕಾ. ಅಲ್ಲಿಗೆ ಕಾಕುನ ಅಡುಗೆಮನೆಯ ನೆಮ್ಮದಿ ಮುಗಿಯಿತು. ಕಾಕು ಅಂದರೆ ಅವನ ಹೆಂಡತಿ. ಅಡುಗೆಮನೆಗೆ ಗಂಡಸು ಕಾಲಿಟ್ಟರೆ ಹಾಲು ಒಡೆಯುತ್ತದೆಂದು ನಂಬಿದ್ದವಳು.

ಹುಬ್ಬಳ್ಳಿಯಿಂದ ಕೋಕೋ ಪುಡಿಯ ಡಬ್ಬಿ ಬಂತು. ಕೆನೆ, ಬೆಣ್ಣೆ, ಸಕ್ಕರೆ ಎಲ್ಲ ಒಲೆ ಏರಿದವು. ಕಾಕಾ ಮೊದಲ ಸಲ ಎಷ್ಟು ಹೊತ್ತು ಕುದಿಸಿದನೆಂದರೆ, ಇಳಿಸಿದಾಗ ಅದು ಪಾತ್ರೆಯ ಜೊತೆಗೇ ಸಂಸಾರ ಹೂಡಿತ್ತು. ಅಂಗಡಿಯ ಸುತ್ತಿಗೆ ತಂದು ಬಡಿದೆವು. ಪಾತ್ರೆ ನೆಗ್ಗಿತು, ಚಾಕಲೇಟು ನೆಗ್ಗಲಿಲ್ಲ! ಎರಡನೆಯ ಸಲ ಕಿತ್ತಳೆಯ ವಾಸನೆ ಬರಲೆಂದು ಹಣ್ಣನ್ನೇ ಹಿಂಡಿ, ಮೇಲೆ ಲಿಂಬಿರಸವನ್ನೂ ಸುರಿದ. ಕೆನೆ ಒಡೆದು ನೀರು ಬೇರೆ, ಗಿಣ್ಣು ಬೇರೆ ಆಯಿತು. ಕಾಕು ಇಣುಕಿ ನೋಡಿ ಅಂದಳು: "ಹಾಲು ಒಡಸೂದು ನನಗೂ ಬರ್ತೈತ್ರಿ. ಅದಕ್ಕ ಹುಬ್ಬಳ್ಳಿಗೆ ಹೋಗೂದು ಬ್ಯಾಡ."

ಆದರೂ ದಾರಿ ತೋರಿಸಿದವಳು ಅವಳೇ. "ವಾಸನಿ ಇರೂದು ರಸದಾಗ ಅಲ್ರಿ, ಸಿಪ್ಪ್ಯಾಗ. ಮ್ಯಾಲಿನ ಬಣ್ಣ ಅಷ್ಟ ಕಿಸಣಿಗೆ ತಿಕ್ರಿ; ಒಳಗಿನ ಬಿಳೇದು ಬಂದ್ರ ಕಹಿ ಆಕ್ಕೈತಿ." ಗಜ್ಜರಿ ತುರಿಯುವ ಆ ಕಿಸಣಿಗೆ ಕಿತ್ತಳೆಯನ್ನು ಹಗುರವಾಗಿ ತಿಕ್ಕಿ, ಉದುರಿದ ಹಳದಿ ತುರಿಯನ್ನು ಬಿಸಿ ಬೆಣ್ಣೆಗೆ ಹಾಕಿದಾಗ ಎದ್ದ ವಾಸನೆಗೆ ಪಕ್ಕದ ಮನೆಯವರು ಗೋಡೆ ಮೇಲಿಂದ ಕತ್ತು ಚಾಚಿದರು. ಕಾಕಾನಿಗೆ ಸ್ವರ್ಗ ಸಿಕ್ಕಷ್ಟು ಸಂತೋಷ!

ಉಂಡಿಯೇನೋ ಕಟ್ಟಿದ. ಅವು ಗಟ್ಟಿಯಾಗಬೇಕಲ್ಲ? ನಮ್ಮ ಓಣಿಯಲ್ಲಿ ತಂಪುಪೆಟ್ಟಿಗೆಯ ಹೆಸರು ಕೇಳಿದವರೂ ಕಡಿಮೆ. ಉಂಡಿಗಳನ್ನು ಡಬ್ಬಿಯಲ್ಲಿಟ್ಟು, ಹಗ್ಗ ಕಟ್ಟಿ ಓಣಿಯ ಬಾವಿಗೆ ಇಳಿಬಿಟ್ಟ. ಬೆಳಗ್ಗೆ ನೀರು ಸೇದಲು ಹೋದ ಓಣಿಯ ಅಜ್ಜಿಯೊಬ್ಬಳು "ಬಾವ್ಯಾಗ ಯಾರೋ ಬಂಗಾರದ ಗಂಟು ಬಿಟ್ಟಾರ!" ಎಂದು ಕೂಗಿದಳು. ಓಣಿಯೇ ನೆರೆಯಿತು. ಡಬ್ಬಿ ಮೇಲೆ ಬಂತು, ಮುಚ್ಚಳ ತೆಗೆದರು, ಅಜ್ಜಿ ಒಳಗೆ ನೋಡಿ ಮೂಗು ಮುಚ್ಚಿಕೊಂಡಳು. "ಥೂ, ಇದೇನೋ ಎಮ್ಮಿ ಔಷಧಾ!"

ಈಗ ತೊಂದರೆ ಒಂದೇ: ಸಿಪ್ಪೆ. ದಿನವೂ ಕಿತ್ತಳೆ ಕೊಂಡು ತಿನ್ನುವ ಮನೆ ನಮ್ಮದಲ್ಲ. ಹಾಗಾದರೆ ಊರಲ್ಲಿ ಕಿತ್ತಳೆ, ಮೋಸಂಬಿ ತಿನ್ನುವವರು ಯಾರು? ಹೇಳಿ ನೋಡೋಣ? ರೋಗಿಗಳು! ನೋಡಲು ಬಂದವರೆಲ್ಲ ಹಣ್ಣು ತರುವುದು ದವಾಖಾನೆಗೇ ತಾನೇ?

ಹೀಗೆ ಶುರುವಾಯಿತು ಕಾಕಾನ ಪುಣ್ಯಕಾರ್ಯ. ಮಂಚದಿಂದ ಮಂಚಕ್ಕೆ ಹೋಗುವುದು, "ಹೆಂಗ ಅದೀರಿ?" ಅನ್ನುವುದು, "ತಡೀರಿ, ನಾ ಸುಲದ ಕೊಡ್ತೇನಿ" ಎಂದು ಚೀಲದಿಂದ ಕಿಸಣಿ ತೆಗೆಯುವುದು. ತೊಳೆ ರೋಗಿಗೆ, ತುರಿ ಕಾಕಾನ ಡಬ್ಬಿಗೆ. ರೋಗಿಗಳು ಕೈ ಮುಗಿಯುತ್ತಿದ್ದರು. ಬಂಕಾಪುರದ ವ್ಯಾಪಾರಿಯೊಬ್ಬರಂತೂ "ದೇವ್ರಂಥಾ ಮನಿಶ್ಯಾ ನೀವು. ನಾಳೆ ನನ್ನ ಮನಿಗೆ ಕಳಸ್ತಾರ್ರಿ" ಅಂದರೆ, ಕಾಕಾ ಅವರ ಪಕ್ಕದಲ್ಲಿದ್ದ ಹಣ್ಣಿನ ಬುಟ್ಟಿ ನೋಡುತ್ತ ಸಣ್ಣ ಮುಖ ಮಾಡಿದನಂತೆ. "ಇಷ್ಟ ಲಗೂ ಆರಾಮ ಆದ್ರಿ?"

ಶಿವರಾತ್ರಿ ಕಳೆದು ಬಿಸಿಲು ಚುರುಗುಡುತ್ತಿದ್ದ ದಿನಗಳಲ್ಲಿ ಮೂಲೆಯ ಮಂಚಕ್ಕೆ ಸವಣೂರಿನ ಬಳೆಗಾರ ಚಾಚಾ ಬಂದರು. ಬಳೆಯ ಟ್ರಂಕು ಇಳಿಸಲು ಬಸ್ಸಿನ ಮೇಲೆ ಹತ್ತಿ, ಏಣಿಯಿಂದ ಜಾರಿ ಕಾಲು ಮುರಿದುಕೊಂಡಿದ್ದರು. ಅವರ ಪಕ್ಕದ ಸ್ಟೂಲಿನ ಮೇಲೆ ನೀರಿನ ತಂಬಿಗೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಕಾಕಾ ಆಚೆ ಮಂಚಕ್ಕೆ ಹೋದ, ಈಚೆ ಮಂಚಕ್ಕೆ ಬಂದ. ಹಣ್ಣಿಲ್ಲದ ಮಂಚದ ಮುಂದೆ ಏಕೆ ನಿಲ್ಲುತ್ತಾನೆ?

ಒಂದು ದಿನ ಬಾಗಿಲ ಬಳಿ ಹೋಗಿದ್ದವನನ್ನು ಚಾಚಾ ಕರೆದರು. "ಭಾಯಿ, ಎಲ್ಲಾರ್ನೂ ಹೆಂಗ ಅದೀರಿ ಅಂತ ಕೇಳ್ತೀರಿ. ನನ್ನ ಒಮ್ಮೆನೂ ಕೇಳ್ಲಿಲ್ಲಲ್ಲ?"

ಕಾಕಾ ಅಲ್ಲೇ ನಿಂತುಬಿಟ್ಟ. ಆಮೇಲೆ ಹೊರಗೆ ಹೋಗಿ, ಬಸ್ ಸ್ಟ್ಯಾಂಡಿನಿಂದ ಕಿತ್ತಳೆ ಕೊಂಡು ಬಂದು, ಸ್ಟೂಲಿನ ಮೇಲಿಟ್ಟು, ಮಂಚದ ಅಂಚಿಗೆ ಕೂತ. "ಹೆಂಗ ಅದೀರಿ, ಚಾಚಾ?"

ಚಾಚಾ ಚೆನ್ನಾಗಿರಲಿಲ್ಲ. ನೋವಿಗಿಂತ ಹೆಚ್ಚಾಗಿ ಹೆಂಡತಿಯ ಚಿಂತೆ. ಸವಣೂರಿನ ಮನೆಯಲ್ಲಿ ಇಬ್ಬರೇ. ಆಕೆಗೆ ದಮ್ಮು, ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಬಸ್ಸು ಹತ್ತುವುದು ದೂರದ ಮಾತು. ಆಕೆ ಉಂಡಳೋ ಇಲ್ಲವೋ ಎಂದು ಇವರ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ತಟ್ಟೆ ಬಂದ ಹಾಗೆಯೇ ತಿರುಗಿ ಹೋಗುತ್ತದೆಂದು ಸಿಸ್ಟರ್ ಹೇಳಿದಳು.

ಮರುದಿನ ಕಾಕಾ ಉಂಡಿ ಒಯ್ದ. ಚಾಚಾ ಒಂದನ್ನು ಬಾಯಲ್ಲಿಟ್ಟು ಕಣ್ಣು ಮುಚ್ಚಿದರು. "ಯಾ ಅಲ್ಲಾ! ಕಿತ್ತಳಿ!" ಅಷ್ಟು ದಿನದಲ್ಲಿ ಕಾಕಾ "ಬಂತೇನು?" ಎನ್ನುವ ಮೊದಲೇ ತಾವಾಗಿ ಅದನ್ನು ಹೇಳಿದವರು ಅವರೊಬ್ಬರೇ. ಉಳಿದದ್ದನ್ನು ಮಾತ್ರ ಮುಟ್ಟಲಿಲ್ಲ. "ಇದು ನಮ್ಮಾಕಿಗೆ ಮುಟ್ಟಸಾಕ ಆಗತೈತೇನ್ರಿ?"

ಮಟಮಟ ಮಧ್ಯಾಹ್ನವೇ ಕಾಕಾ ಸೈಕಲ್ ಹತ್ತಿದ. ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ಬಂಕಾಪುರದ ಮೇಲೆ ಹಾಯ್ದು, ಆ ಬಿಸಿಲಲ್ಲಿ ಸವಣೂರು ಮುಟ್ಟುವುದರೊಳಗೆ ಉಂಡಿಗಳು ಕರಗಿ ಸಾರಾಗಿದ್ದವು! ಬಾಗಿಲಲ್ಲಿ ನಿಂತ ಮುದುಕಿಗೆ ಚಾಚಾ ಕಳಿಸಿದ್ದೆಂದು ಹೇಳಿ, ಡಬ್ಬಿ ಕೊಡಲು ನಾಚಿ, "ಉಂಡಿ ಇದ್ದೂ ರೀ, ಖರೇನ ಉಂಡಿ ಇದ್ದೂ" ಅನ್ನುತ್ತ ನಿಂತನಂತೆ. ಆಕೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ರುಚಿ ಹೇಗಿದೆಯೆಂದು ಹೇಳಲಿಲ್ಲ. ಇದೇನೆಂದೂ ಕೇಳಲಿಲ್ಲ.

"ಅಲ್ಲೆ ಅವ್ರು ಹೊಟ್ಟಿ ತುಂಬ ಉಣ್ತಾರೇನಪಾ?" ಅಂದಳು.

"ಉಣ್ತಾರವ್ವಾ" ಅಂದ ಕಾಕಾ. "ದಿನಾ ಮಧ್ಯಾಹ್ನ ನಾನ ಕುಂತು ಉಣಸ್ತೇನಿ."

ಅಪ್ಪಟ ಸುಳ್ಳು. ಕಾಕಾ ಈ ಕಥೆಯನ್ನು ಕಾಕುಗೆ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ಮರುದಿನ ಕಾಕು ರೊಟ್ಟಿ ಬಡಿಯುವಾಗ ಹಿಟ್ಟು ಸ್ವಲ್ಪ ಹೆಚ್ಚಿಗೆ ಕಲಸಿದಳು.

ಮಧ್ಯಾಹ್ನ ಕಾಕಾ ಅಂಗಡಿ ಮುಚ್ಚಿ ಮುಂದೆ, ಮಜ್ಜಿಗೆ ತಂಬಿಗೆ ಹಿಡಿದು ನಾನು ಹಿಂದೆ. ಮಂಚದ ಮೇಲೆ ಕೂತು ಕಾಕಾ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ ಮೆತ್ತಗೆ ಮಾಡಿ, ಚಾಚಾನ ಬಾಯಿ ಹತ್ತಿರ ಹಿಡಿದ. ಚಾಚಾ ಮುಖ ತಿರುಗಿಸಿದರು.

"ಒಂದ ತುತ್ತು ತಿನ್ರಿ, ಚಾಚಾ. ನಾ ಮಾತು ಕೊಟ್ಟು ಬಂದೇನಿ."

"ಯಾರಿಗೆ?"

"ನಿಮ್ಮ ಮನ್ಯಾಗ."

ಚಾಚಾ ಮತ್ತೆ ಕಾಕಾನ ಕಡೆಗೆ ಹೊರಳಿದರು. ತುತ್ತಿಗೆ ಬಾಯಿ ತೆರೆದರು.