ಪ್ರೋಟೀನ್ ಕಳಸದ ಮೆರವಣಿಗೆ

ಹಂದಿಗಳು ರೋಗದಿಂದ ಸಾಯುತ್ತಿಲ್ಲ, ಅಜ್ಞಾನದಿಂದ ಸಾಯುತ್ತಿವೆ ಎಂದು ಲಿಂಗಸುಗೂರಿನ ವರಾಹ ಆರೋಗ್ಯ ಅರಿವು ಪ್ರಾಧಿಕಾರವು ಒಮ್ಮತದಿಂದ ನಿರ್ಣಯಿಸಿದೆ. ಯಾರ ಅಜ್ಞಾನದಿಂದ ಎಂಬುದನ್ನು ನಿರ್ಣಯದಲ್ಲಿ ನಮೂದಿಸಿಲ್ಲ.

ಮಸ್ಕಿಯ ಹೊರವಲಯದಲ್ಲಿ ಹಂದಿ ಸಾಕುವ ಅಯ್ಯಮ್ಮನ ದೊಡ್ಡಿಯಲ್ಲಿ ಹಂದಿಗಳು ಜ್ವರ ಹತ್ತಿ, ಕಿವಿ ನೀಲಿಗಟ್ಟಿ, ಒಂದರ ಹಿಂದೊಂದು ಸತ್ತವು. ಆಫ್ರಿಕನ್ ಹಂದಿ ಜ್ವರ ಎಂದು ಪರೀಕ್ಷೆಯಲ್ಲಿ ಬಂತು. ಮನುಷ್ಯರಿಗೆ ಅಂಟುವುದಿಲ್ಲ, ಹಂದಿಯನ್ನು ಉಳಿಸುವುದಿಲ್ಲ. ಮಣ್ಣಿನಲ್ಲಿ, ಗಾಲಿಯಲ್ಲಿ, ಬೂಟಿನಲ್ಲಿ ಕೂತು ಊರೂರು ತಿರುಗುವ ರೋಗ. ದೊಡ್ಡಿಗೆ ಸುಣ್ಣ ಹೊಡೆದು, ಹೊರಗಿನವರನ್ನು ಒಳಗೆ ಬಿಡದಿರುವುದೊಂದೇ ದಾರಿ. ಇಷ್ಟು ಅಗ್ಗದ ದಾರಿಗೆ ಅನುದಾನ ಕೇಳಲು ಬರುವುದಿಲ್ಲ. ಆದ್ದರಿಂದ ಪ್ರಾಧಿಕಾರವು ವೈಜ್ಞಾನಿಕ ದಾರಿಯನ್ನು ಹಿಡಿಯಿತು.

ಪ್ರಾಧಿಕಾರದ ಕಾರ್ಯದರ್ಶಿ ಲಕ್ಷ್ಮಣ ಅವರು ಎಲ್ಲೋ ಒಂದು ಸಂಶೋಧನಾ ಲೇಖನದ ಮೊದಲ ಪುಟ ಓದಿದ್ದರು. ವೈರಾಣುವಿನ ಹೊರಗೋಡೆಯನ್ನು ಕಟ್ಟುವ ಪ್ರೋಟೀನಿನ ರಚನೆ ಮತ್ತು ಕೆಲಸವನ್ನು ಹಂದಿ ಸಾಕುವ ಪ್ರತಿಯೊಬ್ಬರೂ ತಿಳಿಯತಕ್ಕದ್ದು ಎಂದು ಅವರು ಆದೇಶ ಹೊರಡಿಸಿದರು. ಆಳೆತ್ತರದ ಥರ್ಮಾಕೋಲ್ ಪ್ರೋಟೀನ್ ತಯಾರಾಯಿತು. ಅದಕ್ಕೆ ಕೇಸರಿ, ಹಸಿರು, ನೀಲಿ ಬಣ್ಣ ಬಳಿದು ಜೀಪಿನ ಮೇಲೆ ಕಟ್ಟಿದರು.

ಆದರೆ ಕಳಸವಿಲ್ಲದೆ ನಮ್ಮ ಕಡೆ ಶೌಚಾಲಯದ ಉದ್ಘಾಟನೆಯೂ ಆಗುವುದಿಲ್ಲ. ಕಳಸ ಬಂದ ಮೇಲೆ ಅದರೊಳಗೆ ಏನಾದರೂ ಇರಬೇಕು. ಕಾರ್ಯದರ್ಶಿಗಳು ಯೋಚಿಸಿ, ರೋಗ ಮೊದಲು ಕಾಣಿಸಿಕೊಂಡ ದೊಡ್ಡಿಯ ಮಣ್ಣನ್ನೇ ತುಂಬುವುದು ಅರ್ಥಪೂರ್ಣ ಎಂದರು. ನಿಯಮ ಹೀಗಿತ್ತು: "ಸದರಿ ಕಳಸವನ್ನು ಪ್ರತಿ ಗ್ರಾಮದ ಹಂದಿದೊಡ್ಡಿಯೊಳಗೆ ಕೊಂಡೊಯ್ದು ಒಂದು ಚಿಟಿಕೆ ಮಣ್ಣನ್ನು ಬಿಡತಕ್ಕದ್ದು. ಅಲ್ಲಿಯ ಒಂದು ಹಿಡಿ ಮಣ್ಣನ್ನು ಪಡೆಯತಕ್ಕದ್ದು. ಕಳಸವನ್ನು ಯಾವುದೇ ಕಾರಣಕ್ಕೂ ತೊಳೆಯತಕ್ಕದ್ದಲ್ಲ. ತೊಳೆದಲ್ಲಿ ಅಭಿಯಾನದ ನಿರಂತರತೆಗೆ ಧಕ್ಕೆಯಾಗುತ್ತದೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ತುಂಬಿದ ಸಭೆಯಲ್ಲಿ ನಿಯಮಕ್ಕೆ ತಿದ್ದುಪಡಿ ಬರಲಿಲ್ಲ.

ಮೆರವಣಿಗೆಯ ಮೊದಲ ಊರು ಪಾಮನಕಲ್ಲೂರು. ಅಯ್ಯಮ್ಮನ ಮಗಳು ಸುಕನ್ಯಾಳನ್ನು ಕೊಟ್ಟ ಊರು ಅದು. ಆಕೆಯದೂ ಹಂದಿ ಸಾಕಣೆ; ಆಗಷ್ಟೇ ಮರಿ ಹಾಕಿದ ಹಂದಿಯೊಂದು ದೊಡ್ಡಿಯಲ್ಲಿತ್ತು. ಸುದ್ದಿ ಕೇಳಿದ ಅಯ್ಯಮ್ಮ ಬಸ್ಸು ಹಿಡಿದು ಲಿಂಗಸುಗೂರಿಗೆ ಬಂದಳು.

"ಸಾಹೇಬ್ರ, ಆ ಮಣ್ಣಿನ್ಯಾಗ ರೋಗ ಐತ್ರಿ. ನನ್ನ ಮಗಳ ಊರಿಗೆ ಒಯ್ಯಬ್ಯಾಡ್ರಿ. ಆಕಿಗೆ ಹಂದಿ ಬಿಟ್ರ ಬ್ಯಾರೆ ದಗದ ದುಡಿಮಿ ಇಲ್ರಿ."

"ಅಯ್ಯಮ್ಮ, ನಿನಗ ಪ್ರೋಟೀನಿನ ರಚನಾ ಗೊತ್ತೈತೇನು?" ಎಂದು ಕಾರ್ಯದರ್ಶಿಗಳು ಕೇಳಿದರು.

"ಇಲ್ರಿ."

"ರಚನಾ ಗೊತ್ತಿಲ್ದವ್ರು ಆಕ್ಷೇಪಣಾ ಸಲ್ಲಿಸಾಕ ಬರಂಗಿಲ್ಲ. ಕಲ್ತು ಬಾ."

ಅಯ್ಯಮ್ಮ ಕಲಿತಳು. ಪ್ರಾಧಿಕಾರದ ವರಾಂಡದಲ್ಲಿ, ಜೀಪಿನ ಮೇಲಿನ ಥರ್ಮಾಕೋಲಿಗೆ ಎದುರಾಗಿ ಕೂತು, ಹೋಗಿ ಬರುವವರನ್ನೆಲ್ಲ ಕಾಡಿ ಬೇಡಿ ಕಲಿತಳು. ಮತ್ತೆ ಒಳಗೆ ಹೋಗಿ ಉಸಿರು ಬಿಡದೆ ಒಪ್ಪಿಸಿದಳು.

"ಮೂರು ಎಳಿ ಒಂದಕ್ಕೊಂದು ಹೆಣಕೊಂಡು ಒಂದು ಬಿಲ್ಲಿ ಆಕ್ಕಾವ್ರಿ. ಅಂಥ ಬಿಲ್ಲಿಗಳು ಒತ್ತಿ ಕೂತು ವೈರಾಣುಗ ಹೊರಗ್ವಾಡಿ ಕಟ್ಟತಾವ್ರಿ. ಗ್ವಾಡಿ ಒಳಗಿಂದನ್ನ ಕಾಯ್ತೈತಿ, ಹಂದಿ ಜೀವಕೋಶ ಸಿಕ್ಕಕೂಡ್ಲೇ ಹೋಗಿ ಅಂಟಿಕೊಂತೈತಿ. ಒಳಗ ಹೊಕ್ಕಮ್ಯಾಲ ವೈರಾಣು ತಾ ಏನೂ ದುಡಿಯಂಗಿಲ್ರಿ. ಆ ಮನ್ಯಾಗಿಂದ ತಿಂದು, ಆ ಮನಿಯವ್ರ ಕೈಲೇ ತನ್ನಂಥವನ್ನ ಮಾಡಿಸಿಕೊಂಡು ಮುಂದಿನ ಮನಿಗೆ ಹೊಂಡತೈತ್ರಿ."

ಈ ವರ್ಣನೆಯನ್ನು ಕೇಳಿ ಪ್ರಾಧಿಕಾರದಲ್ಲಿ ಯಾರಿಗೂ ಯಾರ ನೆನಪೂ ಆಗಲಿಲ್ಲ. ಕಾರ್ಯದರ್ಶಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಶಾಬಾಸ್! ಇವತ್ತಿಂದ ನೀ ನಮ್ಮ ಸಂಪನ್ಮೂಲ ವ್ಯಕ್ತಿ."

"ಆತ್ರಿ. ಈಗ ನನ್ನ ಆಕ್ಷೇಪಣಾ ತಗೋರಿ."

"ಅದ್ಹೆಂಗ್ ಬರ್ತೈತಿ? ಪ್ರಾಧಿಕಾರದವ್ರು ಪ್ರಾಧಿಕಾರದ ಮ್ಯಾಲೇ ಆಕ್ಷೇಪಣಾ ಕೊಡಂಗಿಲ್ಲ. ಕಳಸ ನಿನ್ನ ತಲಿಮ್ಯಾಲೇ ಇರ್ಲಿ. ಮಗಳ ಊರಲ್ಲ? ಚೊಲೋ ಕಾಣತೈತಿ."

ಅಯ್ಯಮ್ಮ ಮಗಳಿಗೆ ಫೋನ್ ಮಾಡಿ ವಿಷಯ ತಿಳಿಸುವುದರೊಳಗೆ ಅವಳನ್ನೂ ಕಳಸವನ್ನೂ ಹತ್ತಿಸಿಕೊಂಡು ಜೀಪು ಹೊರಟಿತ್ತು. ಸುಕನ್ಯಾ ಎರಡು ಮರಿಗಳನ್ನು ದೂರದ ಹೊಲದ ಗುಡಿಸಲಿಗೆ ಸಾಗಿಸಿ, ದೊಡ್ಡಿಯ ಬಾಗಿಲಿಗೆ ಜಾಲಿಮುಳ್ಳು ಬಡಿದು, ಅಡ್ಡ ನಿಂತಳು. ಅವಳನ್ನು ಪ್ರಾಧಿಕಾರದವರು ಸರಿಸಲಿಲ್ಲ, ಊರವರೇ ಸರಿಸಿದರು. ಅಭಿಯಾನ ಬರುತ್ತದೆಂದು ಊರಿಗೆ ಡಾಂಬರು ಬಿದ್ದಿತ್ತು, ಬೀದಿದೀಪ ಹತ್ತಿದ್ದವು.

"ನಿನ್ನ ಹಂದಿ ಸಲುವಾಗಿ ಊರ ಮಾನ ಕಳೀತೀಯೇನ ಬೇ?" ಎಂದು ಹಿರಿಯರು ಗದರಿದರು. ಡೊಳ್ಳು ಮೊಳಗಿತು, ಅಯ್ಯಮ್ಮನ ತಲೆಯ ಮೇಲಿನ ಕಳಸಕ್ಕೆ ಪ್ರಾಧಿಕಾರದವರೇ ಕೈ ಹಾಕಿ ಹಿಡಿ ತುಂಬ ಮಣ್ಣು ಬಿಟ್ಟರು, ಬೂಟುಗಳು ಒಳಗೆ ಹೋಗಿ ಹೊರಗೆ ಬಂದವು. ಎರಡು ವಾರ ಕಳೆಯುವುದರೊಳಗೆ ಹಂದಿಗಳೆಲ್ಲ ಸತ್ತು ದೊಡ್ಡಿ ಖಾಲಿಯಾಯಿತು.

ಹಂದಿಯೇ ಇಲ್ಲದ ಕಾರಣ ಹಂದಿ ಜ್ವರವೂ ಇಲ್ಲವೆಂದು ಪಾಮನಕಲ್ಲೂರನ್ನು ರೋಗಮುಕ್ತ ಗ್ರಾಮವೆಂದು ಘೋಷಿಸಲಾಯಿತು. ಮುಂದಿನ ಊರುಗಳಲ್ಲೂ ಹೀಗೇ ಆದ ಮೇಲೆ ವರದಿಯಲ್ಲಿ ಕಾರ್ಯದರ್ಶಿಗಳು ಬರೆದರು: "ಅಭಿಯಾನ ಹೋದ ಕಡೆಗೆಲ್ಲ ರೋಗವು ತಪ್ಪದೆ ಹಿಂಬಾಲಿಸಿದೆ. ನಮ್ಮ ಗ್ರಾಮಗಳ ಆಯ್ಕೆ ಎಷ್ಟು ನಿಖರವಾಗಿತ್ತು ಎಂಬುದಕ್ಕೆ ಇದು ಸಾಕ್ಷಿ." ಇಂಥ ಮಾತು ಬರೆಯಲು ಎಂಥ ಗುಂಡಿಗೆ ಬೇಕೋ, ಅದು ಎಲ್ಲರಿಗೂ ಇರುವುದಿಲ್ಲ.

ಡಾಂಬರಿನ ಸುದ್ದಿ ಕಾಲುವೆ ದಾಟಿ ವಳಕಮದಿನ್ನಿಗೂ ಮುಟ್ಟಿತು. ಅಲ್ಲಿಯ ಪಂಚಾಯ್ತಿ ಸದಸ್ಯ ಮುದುಕಪ್ಪ ಅಭಿಯಾನ ತಮ್ಮೂರಿಗೂ ಬರಲೇಬೇಕೆಂದು ಪಟ್ಟು ಹಿಡಿದ. ಭತ್ತದ ಊರು, ಹಂದಿ ಒಂದೂ ಇಲ್ಲ. ಹಂದಿಯಿಲ್ಲದ ಊರಿಗೆ ಅರಿವು ಮಂಜೂರಾಗುವುದಿಲ್ಲ. ಆಗ ಹೊಲದ ಗುಡಿಸಲಿನಲ್ಲಿ ಬದುಕಿ ಉಳಿದ ಎರಡು ಮರಿಗಳ ವಿಷಯ ಬಯಲಾಯಿತು. ಅಭಿಯಾನಕ್ಕೆ ಗೈರುಹಾಜರಾದ ಹಂದಿಗಳನ್ನು ಇನ್ನೊಂದು ಊರಿನಲ್ಲಿ ಹಾಜರುಪಡಿಸತಕ್ಕದ್ದು ಎಂಬ ಹೊಸ ನಿಯಮ ಸಂಜೆಯೊಳಗೆ ಹುಟ್ಟಿತು. ಮುದುಕಪ್ಪ ಟ್ರ್ಯಾಕ್ಟರ್ ಕಳಿಸಿದ.

ವಳಕಮದಿನ್ನಿಯಲ್ಲಿ ಮರಿಗಳಿಗೆ ಚೆಂಡುಹೂವಿನ ಹಾರ ಹಾಕಿ ಹೊಸ ದೊಡ್ಡಿಯಲ್ಲಿ ನಿಲ್ಲಿಸಿದ್ದರು. ಅವುಗಳ ಜೊತೆಗೇ ಟ್ರ್ಯಾಕ್ಟರಿನಲ್ಲಿ ಬಂದ ಸುಕನ್ಯಾ ಅಲ್ಲೇ ನಿಂತಿದ್ದಳು. ಅಯ್ಯಮ್ಮ ಕಳಸ ಇಳಿಸಿ, ಒಳಗೆ ಕೈ ಹಾಕಿದಳು.

"ಅವ್ವಾ, ನಿನ್ನ ಕೈಲೇ ಹಾಕ್ತೀಯೇನು?"

"ನಾ ಒಲ್ಲೆ ಅಂದ್ರ ಬ್ಯಾರೇದವ್ರು ಹಿಡಿ ತುಂಬ ಹಾಕ್ತಾರ ಬೇ. ನಾ ಆದ್ರ ಚಿಟಿಕಿ ಹಾಕ್ತೀನಿ."

ಸುಕನ್ಯಾ ಮರಿಗಳ ಮುಂದಿನಿಂದ ಪಕ್ಕಕ್ಕೆ ಸರಿದಳು. ಅದೂ ಖರೆ ಅನ್ನಿಸಿರಬೇಕು. ಅಯ್ಯಮ್ಮ ಬಹಳ ಸಣ್ಣ ಚಿಟಿಕೆ ಹಾಕಿದಳು. ಚಪ್ಪಾಳೆಯಾಯಿತು, ತಾಯಿ ಮಗಳಿಬ್ಬರಿಗೂ ಶಾಲು ಹೊದಿಸಿದರು.

"ಮುಂದಿನ ವರ್ಷಾನೂ ನಮ್ಮೂರಿಗೆ ಬರಬೇಕ್ರಿ ಸರ್," ಎಂದು ಮುದುಕಪ್ಪ ಕೈಮುಗಿದ. "ಹಂದಿ ನಾವ ಎಲ್ಲಿಂದರೆ ತರಿಸಿಟ್ಟಿರ್ತೀವಿ."

ಸಭೆ ಒಪ್ಪಿತು. ಎಲ್ಲರೂ ಊಟಕ್ಕೆ ಎದ್ದರು.