ಮಾಯಾಳ ತೊಟ್ಟಿಲು

ಬಾಗಿಲ ಮೇಲೆ ಥರ್ಮಾಕೋಲಿನಲ್ಲಿ ‘ಮಾಯಾ’ ಅಂತ ಕತ್ತರಿಸಿ ಅಂಟಿಸಿದ್ದೇ ವೆಂಕಟೇಶ ಮಾಡಿದ ತಪ್ಪು.

ಸಂಜೆ ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಹೆಸರು ಹೆಂಡತಿ ಹರ್ಷದಾ ಆರಿಸಿದ್ದು. ಅವಳ ತವರಿನ ಮರಾಠಿಯಲ್ಲಿ ಮಾಯಾ ಅಂದರೆ ಅಕ್ಕರೆ. ಬೇರೆ ಹೆಸರು ಎತ್ತಿದರೆ ಅಡುಗೆಮನೆಯಲ್ಲಿ ಪಾತ್ರೆಗಳು ಮಾತಾಡುತ್ತಿದ್ದವು.

ಮೊದಲು ವಕ್ಕರಿಸಿದವರು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸತ್ಯಂ. “ಅಯ್ಯೋ ವೆಂಕಟೇಶ್ ಗಾರೂ! ನಮ್ಮ ತೆಲುಗಲ್ಲಿ ಮಾಯ ಅಂದ್ರೆ ಮೋಸ ಕದಾ!”

ಹಿಂದೆಯೇ ಕೆಳಮನೆಯ ಉರ್ದು ಮೇಷ್ಟ್ರು ಖಾಜಾ ಸಾಹೇಬರು. “ಫಾರ್ಸಿಯಲ್ಲಿ ಮಾಯಾ ಬೋಲೇತೋ ಖಮೀರ್, ಮಿಯಾ. ಹಿಟ್ಟು ಉಬ್ಬಿಸೋದು.”

“ಅದು ಚಲೋದೋ ಕೆಟ್ಟದ್ದೋ, ಸಾಹೇಬ್ರ?” ಎಂದ ವೆಂಕಟೇಶ.

“ಹಿಟ್ಟಿಗೆ ಚಲೋದು.”

ಫ್ಯಾಕ್ಟರಿಯ ಗೆಳೆಯ ಮಲ್ಲಪ್ಪ ಲಿಫ್ಟಿನಿಂದಲೇ ಕೂಗಿದ. “ಕನ್ನಡದಾಗ ಮಾಯ ಆತು ಅಂದ್ರ ಕಾಣದಂಗ ಹೋತು ಅಂತ! ಅಮೆರಿಕಾದಾಗೂ ಮಾಯಾ ಅನ್ನೋ ಮಂದಿ ಇದ್ರಂತ. ಅವರ ಊರು ಊರನ್ನ ಕಾಡು ನುಂಗೇತಿ ನೋಡ್ರಿ!”

ಶಬ್ದದ ಮೂಲ ಯಾವುದೆಂದು ಮೂವರೂ ಬಾಗಿಲಲ್ಲೇ ಜಗಳಕ್ಕೆ ನಿಂತರು. ವೆಂಕಟೇಶ ಚಹಾ ಮಾಡಿದ. ಮತ್ತೆ ಮಾಡಿದ. ಹೆಸರು ಬದಲಾಯಿಸಬೇಕು ಎಂಬ ಒಂದೇ ಮಾತಿಗೆ ಮೂವರೂ ಒಪ್ಪಿದರು. ‘ಶುಭಾ’ ಅಂತ ಇಡು, ಯಾರ ತಕರಾರೂ ಇರುವುದಿಲ್ಲ ಎಂದರು. ಪಾಪ, ಅವನಿಗೆ ಸಾಕಾಗಿತ್ತು. ಉರಿಬಿಸಿಲಲ್ಲಿ ಹೋಗಿ ಥರ್ಮಾಕೋಲ್ ತಂದು, ಹೊಸ ಅಕ್ಷರ ಕತ್ತರಿಸಿ, ಹಳೆಯದನ್ನು ಕಿತ್ತು ಅಂಟಿಸಿದ.

ಹರ್ಷದಾಳಿಗೆ ಹೇಳೋಣವೆಂದರೆ ಬಾಣಂತಿ ಕೋಣೆಯ ತುಂಬ ಹೆಂಗಸರು. ಕೊನೆಗೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ, ತನ್ನ ಅಕ್ಕ ಗೋದಾವರಿಗೆ ಪಿಸುಗುಟ್ಟಿದ: “ಅಕ್ಕಾ, ಶುಭಾ ಅನ್ನವ್ವಾ.”

“ಹೂಂ, ಹೋಗು,” ಅಂದಳು.

ಸಂಜೆ ಗೋದಾವರಿ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ “ಕುರ್ರ್...” ಅಂದಳು. ಹೆಂಗಸರು ಶಾಸ್ತ್ರದಂತೆ ಬೆನ್ನಿಗೆ ಗುದ್ದಿದರು. ಎದ್ದವಳೇ ಜೋರಾಗಿ ಕೂಗಿದಳು: “ಮಾಯಾ!”

“ಅಕ್ಕಾ!”

“ನಿನ್ನ ಹೆಂಡ್ತಿ ಮುಂಜಾನೇನ ಆಣಿ ಮಾಡಿಸ್ಕೊಂಡಾಳೋ ತಮ್ಮಾ,” ಎಂದು ಬೆನ್ನು ತಿಕ್ಕಿಕೊಂಡಳು.

“ಎಂಥ ಮುದ್ದಾದ ಹೆಸರು!” ಎಂದರು ಸತ್ಯಂ. “ಮಾಶಾ ಅಲ್ಲಾ!” ಎಂದರು ಸಾಹೇಬರು. ಮಲ್ಲಪ್ಪನ ಬಾಯಲ್ಲಿ ಲಡ್ಡು ಇತ್ತು, ತಲೆಯಾಡಿಸಿದ. ವೆಂಕಟೇಶನಿಗೆ ಮೈಯೆಲ್ಲ ಉರಿಯಿತು. ಆದರೂ ಹೋಗಲಿ, ಹೆಂಡತಿ ನಗುತ್ತಿದ್ದಳು, ಅಷ್ಟು ಸಾಕು ಅಂದುಕೊಂಡ.

ಹರ್ಷದಾ ಮಗುವನ್ನೆತ್ತಿಕೊಂಡು ಆ ದಿನ ಮೊದಲ ಸಲ ಹೊರಬಾಗಿಲಿಗೆ ಬಂದಳು. ತಲೆ ಎತ್ತಿದಳು. ನಗು ನಿಂತಿತು.

“ಏನ್ರೀ, ಈ ಶುಭಾ ಯಾರು?”

“ಅದು... ಇವರನ್ನ ಕೇಳು,” ಎಂದು ವೆಂಕಟೇಶ ತಿರುಗಿದ. ಮೂವರನ್ನೂ ತುಂಬಿಕೊಂಡು ಲಿಫ್ಟಿನ ಬಾಗಿಲು ಮುಚ್ಚುತ್ತಿತ್ತು.

“ನಾ ನಿಮ್ಮನ್ನ ಕೇಳಾಕತ್ತೀನಿ,” ಅಂದಳು ಹರ್ಷದಾ.