ಎರಡು ಡ್ರಮ್ಮಿನ ಮಳೆ

ತುಲಿಯಾ: ಇದನ್ನ ಬೆವರು ಅಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಸ್ವೆಟರ್ ಹಿಂಡಿದ್ರೆ ಒಂದು ಚೊಂಬು ನೀರು ಬರುತ್ತೆ!

ರೋನೆಲ್: ಮೈ ಮುರಿದು ಕೆಲಸ ಮಾಡ್ದೆ ಕಣೇ. ಬೆವರದೆ ಇನ್ನೇನಾಗುತ್ತೆ?

ತುಲಿಯಾ: ಜುಲೈ ಚಳಿ. ನಾನು ಒಂದರ ಮೇಲೊಂದು ಕಾಲುಚೀಲ ಹಾಕ್ಕೊಂಡು ನಡುಗ್ತಿದೀನಿ. ಇಂಥಾ ದಿನ ಬೆವರೋನು ಕಳ್ಳ ಮಾತ್ರ.

ರೋನೆಲ್: ಮಂಜು ಬಿದ್ದಿತ್ತು. ಮಂಜಲ್ಲಿ ನಿಂತಿದ್ದೆ.

ತುಲಿಯಾ: ಬೆವರೋ ಮಂಜೋ, ಯಾವುದಾದ್ರೂ ಒಂದನ್ನ ಆರಿಸ್ಕೋ.

ನಾನು ಕದ್ದು ಕೇಳುವ ಹೆಂಗಸಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಲಿಮಾದ ಈ ಮರಳುಗುಡ್ಡದ ಮೇಲೆ ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ಇರುವುದು ಒಂದೇ ಒಂದು ಪ್ಲೈವುಡ್ ಹಲಗೆ. ಅವರು ಸೀನಿದರೆ ನಮ್ಮ ಮನೆ ಕ್ಯಾಲೆಂಡರ್ ಅಲ್ಲಾಡುತ್ತದೆ. ಹಲಗೆಯಲ್ಲಿ ಒಂದು ಸೀಳೂ ಇದೆ. ಅದನ್ನು ನಾನು ಮಾಡಿದ್ದಲ್ಲ, ಮುಚ್ಚಲೂ ಹೋಗಿಲ್ಲ.

ಗಂಡ ಹೆಂಡತಿ ಇಕಿತೋಸ್ ಕಡೆಯವರು. ಅಲ್ಲಿ ಕಾಡು, ಸಮುದ್ರದಂಥ ಹೊಳೆ, ದಿನ ಬೆಳಗಾದರೆ ಮಳೆ. ಇಲ್ಲಿ ಜುಲೈ ಅಂದರೆ ನಡುಚಳಿಗಾಲ, ತುಂತುರು ಮಂಜು ಬಿಟ್ಟರೆ ವರ್ಷಪೂರ್ತಿ ಮಳೆ ಅನ್ನುವುದೇ ಇಲ್ಲ. ತುಲಿಯಾಗೆ ಇಲ್ಲಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು ಅಂತ ಆರು ವರ್ಷದ ಶಿರ್ಲಿ, ಎರಡು ವರ್ಷದ ಆಬ್ನೆರ್ ಇಬ್ಬರನ್ನೂ ಕಟ್ಟಿಕೊಂಡು ಬಂದಿಳಿದರು. ಅಲ್ಲಿ ದೋಣಿ ಮೋಟರು ಬಿಚ್ಚಿ ರಿಪೇರಿ ಮಾಡುತ್ತಿದ್ದ ರೋನೆಲ್ ಇಲ್ಲಿ ಮೂರು ಚಕ್ರದ ಟ್ಯಾಕ್ಸಿ ಬಿಚ್ಚುತ್ತಾನೆ, ಅದೂ ಯಾರಾದರೂ ಕರೆದರೆ. ಬಂದಾಗಿನಿಂದ ಶಿರ್ಲಿ ನೆಟ್ಟಗೆ ಒಂದು ನಿದ್ದೆ ಮಾಡಿಲ್ಲ. ಅವಳು ಅರಚುವುದನ್ನು ಕೇಳಿ ಕೇಳಿ ನನ್ನ ಕಣ್ಣ ಕೆಳಗೂ ಕಪ್ಪು ಕಟ್ಟಿದೆ. ನಾನು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಬಾರ್ಲಿ ಕಷಾಯ ಮಾರುವವಳು. ಮೊನ್ನೆ ಗಿರಾಕಿಗೆ ಅಂತ ಬಗ್ಗಿಸಿದ ಲೋಟವನ್ನು ನಿದ್ದೆಗಣ್ಣಲ್ಲಿ ನಾನೇ ಕುಡಿದು, ಅವನ ಕೈಗೆ ಖಾಲಿ ಲೋಟ ಕೊಟ್ಟೆ.

ತುಲಿಯಾ: ಮಕ್ಕಳೆಲ್ಲಿ?

ರೋನೆಲ್: ಮೆಲ್ಲಗೆ! ಮಲಗಿದಾರೆ.

ತುಲಿಯಾ: ಆಬ್ನೆರ್ ಬಿಡು, ಅವನು ಸಂತೆ ಮಧ್ಯಾನೂ ಮಲಗ್ತಾನೆ. ಶಿರ್ಲಿ?

ರೋನೆಲ್: ಇಬ್ಬರೂ.

ತುಲಿಯಾ: ಶಿರ್ಲಿ ಮಲಗಿದಾಳಾ? ನಮ್ಮ ಶಿರ್ಲಿ? ಏನ್ ಕುಡಿಸ್ದೆ ಮಗೂಗೆ? ಕೆಮ್ಮಿನ ಔಷಧಿ ಕೊಟ್ಟೆಯಾ?

ರೋನೆಲ್: ಏನೂ ಕೊಟ್ಟಿಲ್ಲ ಮಾರಾಯ್ತಿ!

ತುಲಿಯಾ: ಹಂಗಾದ್ರೆ ಜ್ವರಾನೇ. ತಡಿ, ಹಣೆ ಮುಟ್ಟಿ ನೋಡ್ತೀನಿ... ತಣ್ಣಗಿದೆ. ರೋನೆಲ್, ತಣ್ಣಗಿದೆ!

ರೋನೆಲ್: ಮಲಗಿರೋ ಮಗೂ ಹಣೆ ಕುದೀಬೇಕಾ? ಗೊರಕೆ ಕೇಳಿಸ್ತಿಲ್ವಾ ನಿಂಗೆ?

ಕೇಳಿಸುತ್ತಿತ್ತು. ಹಲಗೆಯ ಈ ಕಡೆ ನನಗೂ ಕೇಳಿಸುತ್ತಿತ್ತು. ಸಣ್ಣ ಗೊರಕೆ, ಎಷ್ಟು ಚೆಂದ ಇತ್ತೆಂದರೆ ನನಗೇ ಆಕಳಿಕೆ ಬಂತು. ತುಲಿಯಾ ಸಮಾಧಾನವಾಗಿ ಕೈ ತೊಳೆಯಲು ಬಾಗಿಲಾಚೆಯ ನೀಲಿ ಡ್ರಮ್ಮಿನ ಹತ್ತಿರ ಹೋದಳು. ಚೊಂಬು ತಳಕ್ಕೆ ಬಡಿದು ಠಣ್ ಅಂದಿತು.

ತುಲಿಯಾ: ನೀರೆಲ್ಲಿ?

ರೋನೆಲ್: ಸುರೀತು.

ತುಲಿಯಾ: ಡ್ರಮ್ ಮಗುಚಿಕೊಳ್ತಾ?

ರೋನೆಲ್: ಇಲ್ಲ. ಮೇಲಿಂದ ಸುರೀತು.

ತುಲಿಯಾ: ನೆಲದ ಮೇಲಿರೋ ನೀರು ಮೇಲಿಂದ ಹೆಂಗಯ್ಯಾ ಸುರಿಯುತ್ತೆ?

ರೋನೆಲ್: ನಾನು ಏಣಿ ಹತ್ತಿ ಸುರಿದ್ರೆ ಸುರಿಯುತ್ತೆ.

ತುಲಿಯಾ: ಏನಂದೆ?

ರೋನೆಲ್: ಮಗು ಕೇಳ್ತು ಕಣೇ, ‘ಅಪ್ಪಾ, ಈ ಊರಲ್ಲಿ ಮಳೆ ಯಾಕೆ ಮಾತೇ ಆಡಲ್ಲ’ ಅಂತ. ನಂಗೆ ಆಗ ಹೊಳೀತು. ಹುಟ್ಟಿದಾಗಿಂದ ತಗಡಿನ ಮೇಲೆ ಮಳೆ ಬಡಿಯೋದನ್ನ ಕೇಳ್ತಾ ಮಲಗಿದ ಮಗು ಅದು. ಇಲ್ಲೂ ತಲೆ ಮೇಲೆ ತಗಡೇ ಇದೆ. ಮಳೆ ಒಂದೇ ಬಾಕಿ ಇತ್ತು. ಹಾಕ್ದೆ.

ತುಲಿಯಾ: ಹಾಕ್ದೆ! ಸಾರಿಗೆ ಉಪ್ಪು ಹಾಕಿದ ಹಂಗೆ ಹೇಳ್ತಾನೆ ನೋಡು! ಟ್ಯಾಂಕರ್ ಬರೋದು ಗುರುವಾರ. ಅಲ್ಲಿವರೆಗೂ ಅನ್ನಕ್ಕೆ ಏನಿಡ್ಲಿ? ಆಬ್ನೆರ್ ಕುಂಡಿ ಯಾವುದ್ರಲ್ಲಿ ತೊಳೀಲಿ?

ರೋನೆಲ್: ನಾವು ಹೊಳೆ ದಡದೋರು. ನೀರು ಅಂದ್ರೆ ಕೈ ಸ್ವಲ್ಪ ಧಾರಾಳ.

ತುಲಿಯಾ: ಹೊಳೆ ಅಲ್ಲೇ ಬಿಟ್ಟು ಬಂದಿದೀವಿ, ಸೂಟ್‌ಕೇಸಲ್ಲಿ ತಂದಿಲ್ಲ!

ರೋನೆಲ್: ಮತ್ತೆ ನಾನೇನು ಮಾಡ್ಬೇಕಿತ್ತು? ನಿನ್ನ ತಂಗಿ ಭಾನುವಾರ ಊರಿಗೆ ಹೋಗ್ತಾಳೆ, ಮಕ್ಕಳನ್ನ ಅವಳ ಜೊತೆ ಅಜ್ಜಿ ಮನೆಗೆ ಕಳಿಸಿಬಿಡ್ತೀನಿ ಅಂದೋಳು ನೀನು. ಬಟ್ಟೆಗಂಟೂ ಕಟ್ಟಿಟ್ಟಿದೀಯ.

ತುಲಿಯಾ: ನಂಗೇನು ಖುಷೀನಾ ಕಳಿಸೋಕೆ? ಆದ್ರೆ ಸ್ಕೂಲಲ್ಲಿ ತೂಕಡಿಸಿ ಬೆಂಚಿಂದ ಬಿದ್ದು ತುಟಿ ಒಡ್ಕೊಂಡಳಲ್ಲ ಮಗು, ಅದನ್ನ ನೋಡ್ಕೊಂಡಿರ್ಲಾ? ಅಜ್ಜಿ ಮನೇಲಿ ನಿದ್ದೆನಾದ್ರೂ ಬರುತ್ತೆ.

ರೋನೆಲ್: ಅವರನ್ನ ವಿಮಾನ ಹತ್ತಿಸಿ ನಾನು ಈ ಕೋಣೆಗೆ ವಾಪಸ್ ಬಂದು ಯಾರ ಮುಖ ನೋಡ್ಲಿ? ನೀನು ಇಡೀ ದಿನ ಆಸ್ಪತ್ರೇಲಿ. ನನ್ನ ಕೈಲಿ ಆಗಲ್ಲ ತುಲಿಯಾ. ಅದಕ್ಕೇ ಸುರಿದೆ.

ತುಲಿಯಾಳ ಮೂಗು ಸೊರಸೊರ ಅಂದಿದ್ದು ಚಳಿಗೋ ಅಳುವಿಗೋ ಅಂತ ನೋಡೋಣವೆಂದು ನಾನು ಸೀಳಿಗೆ ಕಣ್ಣಿಟ್ಟೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ದೋನ್ಯಾ ಎರ್ಲಿಂದಾ! ನಾಲ್ಕು ಮೆಟ್ಟಿಲು ಕೆಳಗಿನ ಇಟ್ಟಿಗೆ ಮನೆಯ ಒಡತಿ, ಈ ಕೋಣೆಯನ್ನು ಬಾಡಿಗೆಗೆ ಕೊಟ್ಟವಳು. ಇಲ್ಲಿ ದೊಡ್ಡ ಹೆಂಗಸರನ್ನು ‘ದೋನ್ಯಾ’ ಅಂತಲೇ ಕರೆಯಬೇಕು, ಅಮ್ಮಾವ್ರು ಅಂದ ಹಾಗೆ. ಎಪ್ಪತ್ತು ದಾಟಿದೆ, ಲಿಮಾ ಬಿಟ್ಟು ಆಚೆ ಕಾಲಿಟ್ಟವಳಲ್ಲ. ನಗುವುದು ಅಪರೂಪ. ಅವತ್ತು ನಗುತ್ತಿದ್ದಳು, ಕೈಯಲ್ಲಿ ಒಂದು ಬಕೆಟ್.

ಎರ್ಲಿಂದಾ: ನೋಡಿದ್ರಾ? ಕೇಳಿಸ್ಕೊಂಡ್ರಾ? ಮಳೆ! ನನ್ನ ಕಿಟಕಿ ಮುಂದೆ, ಧೋ ಅಂತ!

ರೋನೆಲ್: ಹೌದಾ?

ಎರ್ಲಿಂದಾ: ಹೌದಾ ಅಂತೀಯಲ್ಲ, ನೀನೇ ನೆಂದು ತೊಪ್ಪೆ ಆಗಿದೀಯ!

ತುಲಿಯಾ: ಅದು ಬೆವರಂತೆ, ದೋನ್ಯಾ.

ಎರ್ಲಿಂದಾ: ಒಣಗಿದ ಬಟ್ಟೆ ಎಳ್ಕೊಂಡೆ, ಫ್ರಿಜ್ಜಿನ ಪ್ಲಗ್ ಕಿತ್ತೆ, ಟೀವಿಗೆ ಕಂಬಳಿ ಹೊದಿಸ್ದೆ. ಆಮೇಲೆ ತಲೆಗೆ ಬಂತು, ಅಯ್ಯೋ, ಪಾತ್ರೆ ಇಡಬೇಕಲ್ಲ ಅಂತ. ಇಟ್ಟೆ. ನೋಡಿಲ್ಲಿ, ಅರ್ಧ ಬಕೆಟ್! ಆಕಾಶದ ನೀರು!

ತುಲಿಯಾ: ದೋನ್ಯಾ, ಅದು ಆಕಾಶದ್ದಲ್ಲ...

ರೋನೆಲ್: ಆಕಾಶದ್ದೇ! ಮೇಲಿಂದಾನೇ ಬಿತ್ತಲ್ಲ!

ಎರ್ಲಿಂದಾ: ಒಂದು ಚಮಚ ಬಾಯಿಗೆ ಹಾಕ್ಕೊಂಡೆ. ಏನು ರುಚಿ ಅಂತೀರಿ! ಟ್ಯಾಂಕರ್ ನೀರು ಇದರ ಹತ್ತಿರಾನೂ ಸುಳಿಯಲ್ಲ. ಏ ಸಬೀನಾ! ಅಲ್ಲೇ ಇದೀಯ, ಗೊತ್ತು. ನಿನ್ನ ಮನೆ ಮುಂದೇನೂ ಬಂತಾ ಮಳೆ?

ಹಲಗೆಗೆ ಅಂಟಿಕೊಂಡಿದ್ದವಳು ಎರಡು ಹೆಜ್ಜೆ ಹಿಂದೆ ಹೋಗಿ, ದೂರದಿಂದ ಕೂಗಿದ ಹಾಗೆ ಕೂಗಿದೆ.

ನಾನು: ಇಲ್ಲ ದೋನ್ಯಾ, ಇಲ್ಲಿ ಒಂದು ಹನೀನೂ ಇಲ್ಲ!

ಎರ್ಲಿಂದಾ: ನೋಡಿದ್ರಾ? ಬರೀ ನನ್ನ ಮನೆ ಮೇಲೆ! ಇಷ್ಟು ವರ್ಷ ಹಚ್ಚಿದ ಮೇಣದಬತ್ತಿ ವ್ಯರ್ಥ ಆಗಲಿಲ್ಲ. ಹೋಗಿ ಈ ನೀರನ್ನ ನನ್ನ ಡ್ರಮ್ಮಿಗೆ ಬೆರೆಸ್ತೀನಿ, ಡ್ರಮ್ಮೆಲ್ಲ ಪವಿತ್ರ ಆಗ್ಲಿ.

ರೋನೆಲ್: ಬೇಡ ದೋನ್ಯಾ! ಬೆರೆಸಬೇಡಿ! ಡ್ರಮ್ ಮುಚ್ಚಳಾನೇ ತೆಗೀಬೇಡಿ!

ಎರ್ಲಿಂದಾ: ಯಾಕೋ?

ರೋನೆಲ್: ಪವಿತ್ರವಾದ್ದನ್ನ... ಬೇರೆ ಇಡಬೇಕು.

ಆಕೆ ಅವನನ್ನು ಒಂಥರಾ ನೋಡಿ, ಬಕೆಟ್ ಎತ್ತಿಕೊಂಡು ಮೆಟ್ಟಿಲು ಇಳಿದಳು.

ತುಲಿಯಾ: ನಿನ್ನ ಮುಖ ಯಾಕೆ ಹಿಂಗೆ ಬಿಳಿಚಿಕೊಳ್ತು?

ರೋನೆಲ್: ನಮ್ಮ ಡ್ರಮ್ಮಿಗೆ ಬರೀ ತುಂತುರು ಬಂತು ಕಣೇ. ಮಗು ಅರ್ಧ ಕಣ್ಣು ಬಿಟ್ಟು ‘ಅಪ್ಪಾ, ಇದು ಲಿಮಾ ಮಳೆ’ ಅಂತು. ಊರಿನ ಮಳೆ ಬರಬೇಕಾದ್ರೆ ಇನ್ನೊಂದು ಡ್ರಮ್ ಬೇಕಾಗಿತ್ತು.

ತುಲಿಯಾ: ಅಯ್ಯೋ ದೇವರೇ. ಅವರದ್ದಾ?

ಉತ್ತರ ಕೆಳಗಿನಿಂದಲೇ ಬಂತು. ಆ ಕಿರುಚಾಟಕ್ಕೆ ಗುಡ್ಡದ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ರೋನೆಲ್ ಹಿಂದೆ ಮುಂದೆ ನೋಡದೆ ಏಣಿ ಹತ್ತಿ ತಗಡಿನ ಮೇಲೆ ಸೇರಿಕೊಂಡ. ಎರ್ಲಿಂದಾ ಪೊರಕೆ ಹಿಡಿದು ಅಂಗಳದಲ್ಲಿ ನಿಂತಳು.

ಎರ್ಲಿಂದಾ: ಕಳ್ಳ! ನನ್ನ ನೀರನ್ನ ನನ್ನ ಕಿಟಕಿ ಮುಂದೇನೇ ಸುರಿದು, ನನ್ನ ಕೈಲೇ ಹಿಡಿಸಿ, ನಂಗೇ ಕುಡಿಸಿದ್ಯಲ್ಲೋ! ಇಳಿಯೋ ಕೆಳಗೆ!

ರೋನೆಲ್: ಪೊರಕೆ ಕೆಳಗಿಡಿ, ಇಳೀತೀನಿ. ಗುರುವಾರ ಟ್ಯಾಂಕರ್ ಬಂದ ತಕ್ಷಣ ಮೊದಲು ನಿಮ್ಮ ಡ್ರಮ್ಮೇ ತುಂಬಿಸ್ತೀನಿ!

ಎರ್ಲಿಂದಾ: ತುಂಬಿಸು, ತುಂಬಿಸಿ ಹೊರಡು! ಭಾನುವಾರದೊಳಗೆ ನನ್ನ ಕೋಣೆ ಖಾಲಿ ಆಗಬೇಕು!

ತುಲಿಯಾ: ದೋನ್ಯಾ, ದಮ್ಮಯ್ಯ ಅಂತೀನಿ, ಮೆಲ್ಲಗೆ ಬೈರಿ. ಮಗು ಇವತ್ತೇ ಮೊದಲು ಮಲಗಿರೋದು...

ಎರ್ಲಿಂದಾ: ನನ್ನ ಬಾಯಿ, ನನ್ನ ಅಂಗಳ!

ಆಯಿತು, ಶಿರ್ಲಿ ಎದ್ದಳು. ಎದ್ದವಳು ಒಂದೇ ಸಮ ಅರಚಲು ಶುರು ಮಾಡಿದಳು. ನಾನು ಹಣೆ ಚಚ್ಚಿಕೊಂಡೆ. ಇವತ್ತೂ ನಿದ್ದೆಗೆ ಎಳ್ಳುನೀರು. ತುಲಿಯಾ ಮಗುವನ್ನು ಎತ್ತಿಕೊಂಡು ಅಲ್ಲೇ ಕುಸಿದು ಕೂತು, ‘ಆಗಲಿ, ಕಳಿಸಿಬಿಡ್ತೀನಿ, ಕಳಿಸಿಬಿಡ್ತೀನಿ’ ಅಂತ ತನ್ನಷ್ಟಕ್ಕೆ ಹೇಳತೊಡಗಿದಳು. ಎರ್ಲಿಂದಾಗೆ ಇದ್ಯಾವುದೂ ಬೇಕಿಲ್ಲ. ಬಗ್ಗಿ, ಹಿಡಿ ತುಂಬ ಮರಳು ಬಾಚಿ, ರೋನೆಲ್ ಕಡೆಗೆ ತೂರಿದಳು.

ಎರ್ಲಿಂದಾ: ನಿನ್ನ ಬಾಯಿಗೆ ಮಣ್ಣು ಹಾಕ!

ಅವನ ಬಾಯಿಗೆ ಬೀಳಲಿಲ್ಲ. ತಗಡಿನ ಮೇಲೆ ಬಿತ್ತು, ಚಟಪಟ ಚಟಪಟ ಅಂತ. ಮಗು ಗಪ್ಪಂತ ಅರಚುವುದನ್ನು ನಿಲ್ಲಿಸಿತು.

ಶಿರ್ಲಿ: ಅಮ್ಮಾ, ಮತ್ತೆ ಬಂತು.

ತುಲಿಯಾ ಬಾಗಿಲಿಂದ ತಲೆ ಹೊರಗೆ ಹಾಕಿದಳು.

ತುಲಿಯಾ: ದೋನ್ಯಾ, ಇನ್ನೊಂದು ಹಿಡಿ ಹಾಕಿ.

ಎರ್ಲಿಂದಾ: ಏನು? ನಾನಿಲ್ಲಿ ಶಾಪ ಹಾಕ್ತಿದೀನಿ!

ತುಲಿಯಾ: ಶಾಪಾನೂ ಹಾಕಿ, ಮರಳೂ ಹಾಕಿ. ಶಾಪ ಮಾತ್ರ ಮೆಲ್ಲಗೆ.

ಎರ್ಲಿಂದಾ: (ಪಿಸುಗುಟ್ಟುತ್ತ) ಕಳ್ಳ ನನ್ಮಗ. ಹಾಳಾಗಿ ಹೋಗ.

ಚಟಪಟ.

ಎರ್ಲಿಂದಾ: (ಪಿಸುಗುಟ್ಟುತ್ತ) ನಿನ್ನ ಮೋಟರಿಗೆ ತುಕ್ಕು ಹಿಡಿಯ. ಮಲಗಿದಳಾ?

ತುಲಿಯಾ: ಕಣ್ಣು ಎಳೀತಿದೆ. ಇನ್ನೆರಡು ಬೈಗುಳ ಸಾಕು.

ರೋನೆಲ್: (ಮೇಲಿನಿಂದ, ಅವನೂ ಪಿಸುಗುಟ್ಟುತ್ತ) ದೋನ್ಯಾ, ಒಂದೇ ಕಡೆ ಬೀಳ್ತಿದೆ. ಜರಡಿ ಇದ್ರೆ ಕೊಡಿ, ಇಲ್ಲಿಂದ ಸಮವಾಗಿ ಉದುರಿಸ್ತೀನಿ.

ನೀವು ನಂಬಿದರೆ ನಂಬಿ, ಆಕೆ ಒಳಗೆ ಹೋಗಿ ತನ್ನ ಹಿಟ್ಟಿನ ಜರಡಿ ತಂದುಕೊಟ್ಟಳು. ಕೊಡುವಾಗಲೂ ಬೈದುಕೊಂಡೇ ಕೊಟ್ಟಳು.

ಈ ಗುಡ್ಡದಲ್ಲಿ ಇಲ್ಲದ್ದು ನೂರಿದೆ, ಮರಳಿಗೆ ಮಾತ್ರ ಯಾರೂ ಟ್ಯಾಂಕರ್ ಕಾಯಬೇಕಿಲ್ಲ. ಅವತ್ತಿನಿಂದ ದಿನಾ ಕತ್ತಲಾಗುತ್ತಲೇ ರೋನೆಲ್ ಬಕೆಟ್ಟು, ಜರಡಿ ಹಿಡಿದು ಏಣಿ ಹತ್ತುತ್ತಾನೆ. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಗುರುವಾರ ಹೇಳಿದ ಹಾಗೆ ಎರ್ಲಿಂದಾಳ ಡ್ರಮ್ಮನ್ನೇ ಮೊದಲು ತುಂಬಿಸಿದ. ಶಿರ್ಲಿ ಮಲಗಿದಳು, ನಾನೂ ಮಲಗಿದೆ, ನನ್ನ ಗಿರಾಕಿಗಳಿಗೆ ತುಂಬಿದ ಲೋಟ ಸಿಕ್ಕಿತು. ತುಲಿಯಾ ಮಕ್ಕಳ ಬಟ್ಟೆಗಂಟನ್ನು ಅರ್ಧ ಬಿಚ್ಚಿ ಹಾಗೇ ಇಟ್ಟಿದ್ದಳು. ಮಗು ಮಲಗಿತೇನೋ ನಿಜ, ಆದರೆ ಕೋಣೆಯೇ ಹೋದರೆ ಮಕ್ಕಳನ್ನು ಎಲ್ಲಿ ಇಟ್ಟುಕೊಳ್ಳುವುದು? ಮರಳುಗುಡ್ಡದಲ್ಲಿ ಇಂಥ ತಗಡಿನ ಕೋಣೆ ಇಬ್ಬರು ಮಕ್ಕಳಿರುವವರಿಗೆ ಯಾರು ಕೊಡುತ್ತಾರೆ? ಶನಿವಾರ ಸಂಜೆ ಧೈರ್ಯ ಮಾಡಿ ಕೆಳಗಿಳಿದಳು. ಸುಟ್ಟು ಕುಟ್ಟಿದ ಬಾಳೆಕಾಯಿ ಉಂಡೆ ಒಂದು ತಟ್ಟೆ ತುಂಬ ಒಯ್ದಿದ್ದಳು. ನನಗೂ ಕಷಾಯದ ಪಾತ್ರೆ ತೊಳೆಯಲು ಅಂಗಳವೇ ಬೇಕಾಯಿತು.

ತುಲಿಯಾ: ದೋನ್ಯಾ, ನಾಳೆ ಭಾನುವಾರ. ಬೆಳಿಗ್ಗೇನೇ ಖಾಲಿ ಮಾಡ್ಬೇಕಾ, ಸಂಜೆವರೆಗೆ ಇರಬಹುದಾ, ಕೇಳೋಣ ಅಂತ ಬಂದೆ.

ಎರ್ಲಿಂದಾ: ನಿನ್ನೆ ನಿನ್ನ ಗಂಡ ಯಾಕೆ ಅಷ್ಟು ಬೇಗ ನಿಲ್ಲಿಸಿಬಿಟ್ಟ? ನಂಗೆ ಆಗಷ್ಟೇ ಕಣ್ಣು ಹತ್ತಿತ್ತು.

ತುಲಿಯಾ: ಶಿರ್ಲಿ ಮಲಗಿಬಿಟ್ಟಳು, ಅದಕ್ಕೆ.

ಎರ್ಲಿಂದಾ: ಶಿರ್ಲಿ ಒಬ್ಬಳೇನಾ ಈ ಮನೇಲಿರೋದು?

ತುಲಿಯಾ: ಹೇಳ್ತೀನಿ ಅವನಿಗೆ. ಅದೇ, ಕೋಣೆ ವಿಷಯ...

ಎರ್ಲಿಂದಾ: ನಿಮ್ಮ ಕಡೆ ಗುಡುಗೂ ಇರುತ್ತಂತಲ್ಲ? ನನ್ನ ಹತ್ತಿರ ಬ್ರೆಡ್ ಸುಡೋ ದೊಡ್ಡ ತಗಡಿನ ತಟ್ಟೆ ಸುಮ್ನೆ ಬಿದ್ದಿದೆ. ಮಗು ಹೆದರೋ ಹಂಗೆ ಬೇಡ, ದೂರದಲ್ಲಿ ಗುಡುಗಿದ ಹಂಗೆ ಒಂದೆರಡು ಸಲ.

ತುಲಿಯಾ: ದೋನ್ಯಾ, ನನ್ನ ತಂಗಿ ನಾಳೆ ವಿಮಾನಕ್ಕೆ ಹೊರಡ್ತಾಳೆ. ಮಕ್ಕಳನ್ನ ಕಳಿಸೋದೋ ಇಟ್ಕೊಳ್ಳೋದೋ ನಂಗೆ ಇವತ್ತೇ ಗೊತ್ತಾಗಬೇಕು. ನಾವು ಹೋಗ್ಬೇಕಾ, ಇರಬಹುದಾ? ಒಂದು ಮಾತು ಹೇಳಿಬಿಡಿ.

ಎರ್ಲಿಂದಾ ಬಾಳೆಕಾಯಿ ಉಂಡೆ ಬಾಯಿಗಿಟ್ಟುಕೊಂಡು, ತಲೆಯೆತ್ತಿ ಆಕಾಶ ನೋಡಿದಳು. ಎಂದಿನ ಬೂದಿ ಬಣ್ಣ, ಹನಿ ಸುಳಿವಿಲ್ಲ. ಅದರ ಕೆಳಗೆ ರೋನೆಲ್ ಆಗಲೇ ಜರಡಿ ಹಿಡಿದು ಏಣಿ ಹತ್ತುತ್ತಿದ್ದ.

ಎರ್ಲಿಂದಾ: ಬುದ್ಧಿ ನೆಟ್ಟಗಿದೆಯೇನೇ ನಿಂಗೆ? ಎರಡು ಚಿಕ್ಕ ಮಕ್ಕಳಿರೋ ಸಂಸಾರಾನ ಇಂಥಾ ಮಳೆಗಾಲದಲ್ಲಿ ಯಾರಾದ್ರೂ ಆಚೆ ಹಾಕ್ತಾರಾ?